ಡಬ್ಬಿಯೊಳಗೊಂದು ಪುಟ್ಟ ದುಡಿಮೆ

ಹೆಸರು ಬಾಯಿಗೆ ಹತ್ತುವುದೇ ಕಷ್ಟ. ಶಾರ್ಕ್ಯುಟರಿ! ಹಾಗೆಂದರೇನು ಎಂದು ಯಾರಾದರೂ ಕೇಳಿದರೆ ಮೊಬೈಲ್‌ನಲ್ಲಿ ಚಿತ್ರ ತೋರಿಸುವುದೇ ಸುಲಭ. ಅಂಗೈಯಗಲದ ರಟ್ಟಿನ ಡಬ್ಬಿ. ಅದರೊಳಗೆ ಮಡಿಚಿಟ್ಟ ಸಲಾಮಿ, ಚೌಕವಾಗಿ ಕತ್ತರಿಸಿದ ಚೀಸ್, ನಾಲ್ಕು ದ್ರಾಕ್ಷಿ, ಒಂದಿಷ್ಟು ಬಾದಾಮಿ, ಗರಿಗರಿ ಬಿಸ್ಕತ್ತು. ಬೆಂಗಳೂರಿನ ಹುಟ್ಟುಹಬ್ಬ, ಆಫೀಸ್ ಪಾರ್ಟಿಗಳಲ್ಲಿ ಈಗ ಒಬ್ಬರಿಗೆ ಒಂದರಂತೆ ಇಂಥ ಡಬ್ಬಿ ಕೈಗೆ ಬರುವುದುಂಟು. ಒಲೆ ಹಚ್ಚದೆ ಮನೆಯಲ್ಲೇ ಜೋಡಿಸಬಹುದಾದ್ದರಿಂದ ಓದುವ ಹುಡುಗ ಹುಡುಗಿಯರಿಗೂ ಇದೊಂದು ಸಣ್ಣ ಸಂಪಾದನೆಯ ದಾರಿ. ಆದರೆ ಡಬ್ಬಿ ಚೆಂದ ಕಂಡಷ್ಟಕ್ಕೇ ದುಡ್ಡು ಉಳಿಯುವುದಿಲ್ಲ.

ಹಲಗೆಯಿಂದ ಡಬ್ಬಿಗೆ

ಫ್ರೆಂಚ್ ಭಾಷೆಯಲ್ಲಿ ‘ಶೇರ್’ ಎಂದರೆ ಮಾಂಸ, ‘ಕ್ವಿ’ ಎಂದರೆ ಬೇಯಿಸಿದ್ದು. ಇವೆರಡೂ ಸೇರಿ ಶಾರ್ಕ್ಯುಟರಿ ಆಯಿತು. ಹಂದಿಮಾಂಸಕ್ಕೆ ಉಪ್ಪು ಹಾಕಿ, ಹೊಗೆ ಹಿಡಿಸಿ, ಒಣಗಿಸಿ ಕಾಪಿಡುವ ಕಸುಬು ಇದು. 15ನೇ ಶತಮಾನದ ಹೊತ್ತಿಗೇ ಪ್ಯಾರಿಸ್‌ನಲ್ಲಿ ಈ ಕಸುಬಿನವರ ಸಂಘವಿತ್ತು. ಫ್ರಿಜ್ ಇಲ್ಲದ ಕಾಲದಲ್ಲಿ ನಮ್ಮ ಕರಾವಳಿಯವರು ಮಳೆಗಾಲಕ್ಕೆಂದು ಮೀನು ಒಣಗಿಸಿಟ್ಟರಲ್ಲ, ಉಪ್ಪಿನಕಾಯಿ ಜಾಡಿ ತುಂಬಿಸಿಟ್ಟರಲ್ಲ, ಅದೇ ಬುದ್ಧಿ ಅಲ್ಲೂ ಕೆಲಸ ಮಾಡಿತು.

ಆಮೇಲೆ ಈ ಮಾಂಸದ ಜೊತೆ ಚೀಸ್, ಹಣ್ಣು, ಕಾಯಿಗಳನ್ನೂ ಮರದ ಹಲಗೆಯ ಮೇಲೆ ಹರಡಿ ಎಲ್ಲರೂ ಕೈಹಾಕಿ ತಿನ್ನುವುದು ಅಮೆರಿಕದಲ್ಲಿ ಫ್ಯಾಷನ್ ಆಯಿತು. 2020ರಲ್ಲಿ ಕೊರೊನಾ ಬಂದಾಗ ಒಂದೇ ಹಲಗೆಗೆ ಹತ್ತು ಕೈ ಹಾಕುವಂತಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ ಜೋರಾಗಿ ಚಾಲ್ತಿಗೆ ಬಂದದ್ದು ಆಗಲೇ. ಕಾಯಿಲೆ ಇಳಿದರೂ ಡಬ್ಬಿ ಉಳಿಯಿತು.

ಅರ್ಧ ಡಬ್ಬಿ ನಮ್ಮದೇ

ವಿದೇಶಿ ತಿಂಡಿ ಎಂದು ಎಲ್ಲವನ್ನೂ ದುಬಾರಿ ಅಂಗಡಿಯಲ್ಲಿ ಕೊಳ್ಳಬೇಕಿಲ್ಲ. ಈ ಡಬ್ಬಿಯಲ್ಲಿ ಹುಳಿರುಚಿಗೆ ಇಡುವ ಗೆರ್ಕಿನ್ ಅಂದರೆ ನಮ್ಮ ರೈತರು ಬೆಳೆಯುವ ಮಿಡಿಸೌತೆ. ಭಾರತದಲ್ಲಿ ಇದರ ಬೇಸಾಯ 1990ರ ದಶಕದ ಆರಂಭದಲ್ಲಿ ಶುರುವಾದದ್ದೇ ಕರ್ನಾಟಕದಲ್ಲಿ. ಇಂದಿಗೂ ಇದರ ಬಹುಪಾಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಒಣದ್ರಾಕ್ಷಿಗೆ ವಿಜಯಪುರವಿದೆ, ಅಂಜೂರಕ್ಕೆ ಬಳ್ಳಾರಿಯಿದೆ, ಗೋಡಂಬಿಗೆ ಕರಾವಳಿಯಿದೆ, ಜೇನಿಗೆ ಕೊಡಗಿದೆ. ಆಲಿವ್, ಸಲಾಮಿ ಮತ್ತು ಒಂದೆರಡು ಬಗೆಯ ಚೀಸ್‌ಗಷ್ಟೇ ದೊಡ್ಡ ಅಂಗಡಿಗೆ ಹೋದರೆ ಸಾಕು.

ಜೋಡಿಸುವ ಬಗೆ

ಒಂದು ಡಬ್ಬಿಗೆ ಸುಮಾರು 50 ಗ್ರಾಂ ಮಾಂಸ, 50 ಗ್ರಾಂ ಚೀಸ್ ಸಾಕಾಗುತ್ತದೆ. ಉಳಿದ ಜಾಗಕ್ಕೆ ಒಂದು ಹುಳಿ, ಒಂದು ಸಿಹಿ, ಒಂದು ಗರಿಗರಿ. ಮೊದಲು ಆಲಿವ್, ಮಿಡಿಸೌತೆಗಳನ್ನು ಪುಟ್ಟ ಕಾಗದದ ಬಟ್ಟಲಲ್ಲಿಟ್ಟು ಮೂಲೆಗೆ ಕೂರಿಸಿ. ಅವುಗಳ ನೀರು ಹರಿದರೆ ಉಳಿದದ್ದೆಲ್ಲ ಕೆಡುತ್ತದೆ. ನಂತರ ಚೀಸ್, ಮಾಂಸ, ಹಣ್ಣು. ಸಂದಿಗಳಿಗೆ ಬಾದಾಮಿ, ಗೋಡಂಬಿ. ದ್ರಾಕ್ಷಿಯನ್ನು ತೊಳೆದ ಮೇಲೆ ಪೂರ್ತಿ ಒರೆಸಿ. ಬಿಸ್ಕತ್ತನ್ನು ಬೇರೆಯೇ ಪೊಟ್ಟಣದಲ್ಲಿ ಕೊಡಿ, ಇಲ್ಲದಿದ್ದರೆ ಮೆತ್ತಗಾಗುತ್ತದೆ.

ಆರ್ಡರ್ ತೆಗೆದುಕೊಳ್ಳುವಾಗಲೇ ಕೇಳಬೇಕಾದ ಮಾತುಗಳಿವೆ. ಸಲಾಮಿಯಲ್ಲಿ ಹಂದಿ, ದನ, ಕೋಳಿ ಎಲ್ಲವೂ ಉಂಟು. ಯಾರು ಏನು ತಿನ್ನುತ್ತಾರೆ ಎಂದು ಮುಚ್ಚುಮರೆಯಿಲ್ಲದೆ ವಿಚಾರಿಸಿ. ಸಸ್ಯಾಹಾರಿ ಡಬ್ಬಿಗೆ ಮಾಂಸದ ಬದಲು ಮಸಾಲೆ ಸವರಿ ಹುರಿದ ಪನೀರ್ ಇಡಬಹುದು. ಅದಕ್ಕೆ ಚಾಕು, ಮಣೆ ಎರಡೂ ಬೇರೆ ಇರಲಿ. ಕೆಲವು ವಿದೇಶಿ ಚೀಸ್‌ಗಳಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಪೊಟ್ಟಣದ ಮೇಲೆ ಹಸಿರು ಗುರುತು ಇದೆಯೇ ನೋಡಿಯೇ ಕೊಳ್ಳಿ. ಬಾದಾಮಿ, ಶೇಂಗಾ ಕೆಲವರಿಗೆ ಅಲರ್ಜಿ. ಹಾಗಾಗಿ ಒಳಗೆ ಏನೇನಿದೆ ಎಂದು ಮುಚ್ಚಳದ ಮೇಲೆ ಬರೆದು ಅಂಟಿಸಿ.

ತಂಪೇ ಇಲ್ಲಿ ಅಡುಗೆ

ಒಲೆ ಇಲ್ಲದಿರುವುದೇ ಈ ಕೆಲಸದ ಸುಖ, ಅಪಾಯವೂ ಅದೇ. ಕುದಿಯುವ ಸಾಂಬಾರಿನಲ್ಲಿ ಸಾಯುವ ರೋಗಾಣು ಇಲ್ಲಿ ಸಾಯುವುದಿಲ್ಲ. ಮಾಂಸ, ಚೀಸ್ ಸದಾ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು. ಹೊರಗೆ ತೆಗೆದ ಮೇಲೆ ಎರಡು ಗಂಟೆಯೊಳಗೆ ತಿನ್ನಬೇಕು. ಬೇಸಿಗೆಯ ಸುಡುಬಿಸಿಲಲ್ಲಿ ಒಂದೇ ಗಂಟೆ. ಐಸ್ ಪ್ಯಾಕ್ ಇಲ್ಲದೆ ಸ್ಕೂಟರ್ ಹತ್ತಿಸಬೇಡಿ. ಮನೆಯಲ್ಲೇ ಮಾಡಿ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ ನೋಂದಣಿ ಬೇಕು. ಸಣ್ಣ ವಹಿವಾಟಿನವರಿಗೆ ಇದರ ಶುಲ್ಕ ವರ್ಷಕ್ಕೆ 100 ರೂಪಾಯಿ. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು.

ಲೆಕ್ಕ ಬರೆದರೆ ಉಳಿತಾಯ

ಒಂದು ಡಬ್ಬಿಗೆ ತಿನಿಸಿನ ಖರ್ಚು 160 ರೂಪಾಯಿ, ಡಬ್ಬಿ, ಬಟ್ಟಲು, ಚೀಟಿಗೆ 30, ಐಸ್ ಮತ್ತು ಸಾಗಣೆಗೆ 20 ಎಂದುಕೊಳ್ಳಿ. ಒಟ್ಟು 210. ಅದನ್ನು 350ಕ್ಕೆ ಮಾರಿದರೆ 140 ರೂಪಾಯಿ ಲಾಭ ಎಂದು ಹಿಗ್ಗುವ ಮುನ್ನ ಗಡಿಯಾರ ನೋಡಿ. 20 ಡಬ್ಬಿಗೆ ಇಬ್ಬರು ಐದೈದು ಗಂಟೆ ದುಡಿದರೆ 2,800 ರೂಪಾಯಿಯನ್ನು 10 ಗಂಟೆಗೆ ಹಂಚಬೇಕು. ಗಂಟೆಗೆ 280. ಅದೇ ನಾಲ್ಕೇ ಡಬ್ಬಿಯ ಆರ್ಡರ್ ಆದರೆ ಸಿಗುವುದು 560. ಅಷ್ಟರಲ್ಲೇ ಒಡೆದ ಚೀಸ್ ಪೊಟ್ಟಣ, ಆಲಿವ್ ಬಾಟಲಿ ಅರ್ಧ ಉಳಿದು ಕೆಟ್ಟರೆ ಲಾಭವೆಲ್ಲ ಅದಕ್ಕೇ ಸಮ. ‘ಹತ್ತು ಡಬ್ಬಿಗಿಂತ ಕಡಿಮೆ ಮಾಡುವುದಿಲ್ಲ’ ಎಂದು ಹೇಳಲು ಸಂಕೋಚಪಡಬೇಡಿ. ಅರ್ಧ ದುಡ್ಡು ಮುಂಗಡ ಪಡೆಯಿರಿ.

ನಾನೂ ನನ್ನ ರೂಮ್‌ಮೇಟೂ ವಿಜಯನಗರದ ಬಾಡಿಗೆ ಮನೆಯಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇವೆ. ವಾರವಿಡೀ ಲೈಬ್ರರಿ, ಭಾನುವಾರ ಡಬ್ಬಿ. ‘ಡಿಗ್ರಿ ಮಾಡಿ ತಿಂಡಿ ಡಬ್ಬಿ ಮಾರೋದೇನಮ್ಮಾ?’ ಎಂದು ಊರಲ್ಲಿ ಚಿಕ್ಕಪ್ಪ ಕೇಳಿದ್ದುಂಟು. ಅವರಿಗೆ ಕೊಡುವ ಉತ್ತರ ನಮ್ಮ ಲೆಕ್ಕದ ಪುಸ್ತಕದಲ್ಲಿದೆ. ಎರಡು ಆರ್ಡರ್ ಬಂದ ತಿಂಗಳು ಲೈಬ್ರರಿ ಶುಲ್ಕಕ್ಕೂ ಪರೀಕ್ಷೆಯ ಅರ್ಜಿಗೂ ಅಪ್ಪನಿಗೆ ಫೋನ್ ಮಾಡಬೇಕಾಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ಆ ಒಂದು ಫೋನ್ ಕರೆ ಎಷ್ಟು ಭಾರ ಎಂಬುದು ರೈತರ ಮಕ್ಕಳಿಗೆ ಗೊತ್ತು.

ಹಾಗೆಂದು ಇದು ಕೆಲಸಕ್ಕೆ ಬದಲಿಯಲ್ಲ. ಒಂದೂ ಆರ್ಡರ್ ಬಾರದ ತಿಂಗಳುಗಳಿವೆ. ಪರೀಕ್ಷೆಯ ಹಿಂದಿನ ದಿನಕ್ಕೆ ನಲವತ್ತು ಡಬ್ಬಿ ಕೇಳಿದವರಿಗೆ ಆಗುವುದಿಲ್ಲ ಎಂದೆವು. ದೊಡ್ಡ ಮೊತ್ತವೇ ಆಗಿತ್ತು, ಆದರೆ ನಾವು ಈ ಊರಿಗೆ ಬಂದದ್ದು ಓದಲು. ನೀವು ಶುರು ಮಾಡುವುದಾದರೆ ಮೊದಲ ಹತ್ತು ಡಬ್ಬಿಯನ್ನು ಗೆಳೆಯರಿಗೆ ಅಸಲಿಗೇ ಕೊಟ್ಟು ನೋಡಿ. ಯಾವುದು ಖಾಲಿಯಾಯಿತು, ಯಾವುದು ಡಬ್ಬಿಯಲ್ಲೇ ಉಳಿಯಿತು ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಆರ್ಡರ್‌ಗೆ ಎಷ್ಟು ಕೊಳ್ಳಬೇಕು ಎಂಬುದನ್ನು ಆ ಪಟ್ಟಿಯೇ ಹೇಳುತ್ತದೆ.