ಕಾನ್ವೆಂಟ್ ಕಲಿತ ಕನ್ಯೆ

ನಮ್ಮ ಚಿಕ್ಕೋಡಿಯ ಸೀಮೆಯಲ್ಲಿ ಇಂದು ಅತ್ಯಂತ ಗೌರವದಿಂದ ಉಚ್ಚರಿಸಲ್ಪಡುವ ಪರಭಾಷಾಪದ ಯಾವುದೆಂದು ಯಾರಾದರೂ ಕೇಳಿದರೆ, ಡಾಕ್ಟರ್, ಇಂಜಿನಿಯರ್ ಮೊದಲಾದವನ್ನು ಹಿಂದೆ ಸರಿಸಿ ‘ಕಾನ್ವೆಂಟ್’ ಎಂಬುದನ್ನೇ ಹೇಳಬೇಕಾದೀತು. ನಿಪ್ಪಾಣಿಯ ತಂಬಾಕಿನ ವ್ಯಾಪಾರಿ, ಅಥಣಿಯಲ್ಲಿ ಚಪ್ಪಲಿ ಹೊಲಿಯುವವ, ರಾಯಬಾಗದ ಕಬ್ಬಿನ ರೈತ, ಕಾಗವಾಡದ ಕಾರಕೂನ ಎಲ್ಲರದೂ ಒಂದೇ ಮಾತು: “ನಮ್ಮ ಹುಡುಗನ್ನ ಕಾನ್ವೆಂಟಿಗೆ ಹಾಕೇವ್ರಿ.” ಆ ಕಾನ್ವೆಂಟಾದರೂ ಎಂಥದು? ಬಾಡಿಗೆಯ ಕಟ್ಟಡ, ಟೈ, ಬೂಟು, ಹಳದಿ ಬಣ್ಣದ ಗಾಡಿ, ಗೋಡೆಯ ಮೇಲೆ ಸರಸ್ವತಿಯ ಪಟ. ಕ್ರೈಸ್ತ ಸನ್ಯಾಸಿನಿಯ ನೆರಳು ಕೂಡ ಅಲ್ಲಿ ಸುಳಿದಿರುವುದಿಲ್ಲ.

ಪದದ ಮೂಲವನ್ನರಸಿ ಹೊರಟರೆ ನಗು ಬರುತ್ತದೆ. ಲ್ಯಾಟಿನ್ನಿನ ‘ಕನ್ವೆಂತುಸ್’ ಎಂದರೆ ಕೂಟ, ಸಂಘ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ತೊಟ್ಟ ಕ್ಯಾಥೊಲಿಕ್ ಸನ್ಯಾಸಿನಿಯರು ಕೂಡಿ ಬಾಳುವ ಮಠವೇ ಕಾನ್ವೆಂಟು. ಈ ಭಾಗದ ಓದುಗರಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ. ಬಿಳಿಯ ಸೀರೆಯುಟ್ಟು, ನವಿಲುಗರಿಯ ಪಿಂಛಿ ಹಿಡಿದು ಬರಿಗಾಲಲ್ಲಿ ವಿಹರಿಸುವ ಜೈನ ಆರ್ಯಿಕೆಯರನ್ನು ನಾವು ಬಲ್ಲೆವು. ಅಂಥವರ ಸಂಘವೊಂದು ಒಂದೆಡೆ ನೆಲೆಸಿ ಅಂಗಳದಲ್ಲಿ ಶಾಲೆ ತೆರೆಯಿತೆಂದು ಭಾವಿಸಿದರೆ ಸಾಕು. ‘ಸಿಸ್ಟರ್’ ಎಂದೊಡನೆ ಮಾತ್ರ ನಮ್ಮವರಿಗೆ ನೆನಪಾಗುವುದು ಮಿರಜ. 1894ರಲ್ಲಿ ಡಾಕ್ಟರ್ ವಾನ್ಲೆಸ್ ಸ್ಥಾಪಿಸಿದ ಮಿಷನ್ ದವಾಖಾನೆ. ಅದು ಪ್ರಾಟೆಸ್ಟೆಂಟರದು, ಅಲ್ಲಿಯ ಸಿಸ್ಟರು ದಾದಿಯೇ ಹೊರತು ಸನ್ಯಾಸಿನಿಯಲ್ಲ ಎಂಬ ಭೇದವನ್ನು ಜ್ವರ ಬಂದವನು ಎಣಿಸುತ್ತಾನೆಯೆ?

ಈ ಸನ್ಯಾಸಿನಿಯರು ಶಾಲೆಯ ಉಪಾಧ್ಯಾಯಿನಿಯರಾದದ್ದು ಸುಲಭದಲ್ಲಿ ಅಲ್ಲ. ವ್ರತ ತೊಟ್ಟ ಹೆಣ್ಣು ಮಠದ ಗೋಡೆಯ ಒಳಗೇ ಇರತಕ್ಕದ್ದೆಂದು 1563ರಲ್ಲಿ ಟ್ರೆಂಟ್ ಮಹಾಸಭೆ ಕಟ್ಟಪ್ಪಣೆ ಮಾಡಿತ್ತು. ಮೇರಿ ವಾರ್ಡ್ ಎಂಬ ಆಂಗ್ಲ ಮಹಿಳೆ ಆ ಗೋಡೆಯನ್ನು ದಾಟಬಯಸಿದಳು. ಸನ್ಯಾಸಿನಿಯರು ಊರೊಳಗೆ ಓಡಾಡಿ ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸಬೇಕೆಂಬುದು ಅವಳ ಹಂಬಲ. ಯುರೋಪಿನ ಹಲವು ಪಟ್ಟಣಗಳಲ್ಲಿ ಶಾಲೆಗಳನ್ನು ತೆರೆದದ್ದೂ ಆಯಿತು. 1631ರಲ್ಲಿ ಪೋಪ್ ಎಂಟನೆಯ ಅರ್ಬನ್ ಆ ಸಂಸ್ಥೆಯನ್ನೇ ರದ್ದುಗೊಳಿಸಿದನು. ಆಕೆಯನ್ನು ಕೆಲವು ವಾರ ಸೆರೆಯಲ್ಲಿಟ್ಟರು. ಎಲ್ಲಿ ಎಂದರೆ, ಮ್ಯೂನಿಕ್ ನಗರದ ಒಂದು ಕಾನ್ವೆಂಟಿನಲ್ಲಿ! ಆಕೆಯೇ ಸಂಸ್ಥಾಪಕಿಯೆಂದು ರೋಮ್ ಒಪ್ಪಿಕೊಂಡದ್ದು 1909ರಲ್ಲಿ. ಅಷ್ಟರಲ್ಲಿ ಆ ಪರಂಪರೆಯ ಲೊರೆಟೊ ಸೋದರಿಯರು ಐರ್ಲೆಂಡಿನಿಂದ ಹಡಗೇರಿ ಬಂದು, 1842ರಿಂದಲೇ ಕಲ್ಕತ್ತೆಯಲ್ಲಿ ಪಾಠ ಹೇಳತೊಡಗಿದ್ದರು. ನಮ್ಮ ನಾಡಿನ ಮಂಗಳೂರಿಗೆ 1870ರಲ್ಲಿ ಬಂದ ಅಪೊಸ್ತಲಿಕ್ ಕಾರ್ಮೆಲ್ ಸೋದರಿಯರದು ಬೇರೆಯೇ ಸಂಘ. ಹೆಣ್ಣುಮಕ್ಕಳಿಗೆಂದೇ 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನು ತೆರೆದವರು ಅವರು.

ಟ್ರೆಂಟ್ ಸಭೆಯೇ ಇನ್ನೊಂದು ಮಾತನ್ನೂ ವಿಧಿಸಿತ್ತು: ಕೌಮಾರ್ಯವು ವಿವಾಹಕ್ಕಿಂತ ಮೇಲು. ಗೃಹಸ್ಥರೂ ಪರಿಪೂರ್ಣ ಪಾವಿತ್ರ್ಯಕ್ಕೆ ಕರೆಯಲ್ಪಟ್ಟವರೇ ಎಂದು 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಒತ್ತಿಹೇಳಿತು. ಈ ತತ್ತ್ವವನ್ನು ಒಪ್ಪುವುದು ಬಿಡುವುದು ಅವರವರ ಶ್ರದ್ಧೆ. ಆದರೆ ಮದುವೆಯಾಗದೆ, ಮಕ್ಕಳನ್ನು ಹೆರದೆ, ವಿದ್ಯೆಯನ್ನೋ ಸೇವೆಯನ್ನೋ ಹಿಡಿದು ಹೆಣ್ಣು ತುಂಬುಬಾಳನ್ನು ಬಾಳಬಲ್ಲಳು ಎಂಬುದನ್ನು ಕಾನ್ವೆಂಟು ಕಣ್ಣೆದುರಿಗೆ ತೋರಿಸಿತು.

ಇನ್ನು ಭಾನುವಾರದ ಪತ್ರಿಕೆಯ ವಧೂವರರ ಅಂಕಣವನ್ನು ಬಿಡಿಸಿ ನೋಡಿ. ‘ಕಾನ್ವೆಂಟಿನಲ್ಲಿ ಓದಿದ, ಗೌರವರ್ಣದ, ಗೃಹಕೃತ್ಯದಕ್ಷ ಕನ್ಯೆ ಬೇಕಾಗಿದೆ.’ ಮದುವೆಯನ್ನೇ ತೊರೆದವರ ಮನೆಯ ಹೆಸರು ಮದುವೆಯ ಪೇಟೆಯಲ್ಲಿ ಸರಕಿನ ಮುದ್ರೆಯಾಯಿತು! ಬಂದವರೊಡನೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಬೇಕು, ಅತ್ತೆಯ ಎದುರು ಯಾವ ಭಾಷೆಯಲ್ಲೂ ಆಡಬಾರದು. ಇದೇ ಅಲ್ಲವೆ ಆ ಜಾಹೀರಾತಿನ ಒಳಮಾತು?

ಪಟ್ಟಣದ ವರರು ಇಂಥ ಕನ್ಯೆಯನ್ನು ಹುಡುಕುತ್ತಿರಲು, ನಮ್ಮ ಊರುಗಳ ಅನೇಕ ಮನೆಗಳಲ್ಲಿ ಹೆಣ್ಣುಮಗು ಕಾನ್ವೆಂಟಿನ ಮೆಟ್ಟಿಲನ್ನೇ ಹತ್ತುವುದಿಲ್ಲ. ಮಗ ಹಳದಿ ಗಾಡಿಯನ್ನೇರುತ್ತಾನೆ. ಮಗಳು ನಡೆದುಕೊಂಡು ಸರಕಾರಿ ಕನ್ನಡ ಸಾಲಿಗೋ ಮರಾಠಿ ಸಾಲಿಗೋ ಹೋಗುತ್ತಾಳೆ. ಕೇಳಿದರೆ ತಾಯಿಯ ಉತ್ತರ ಸಿದ್ಧ: “ಇಬ್ಬರಿಗೂ ಫೀ ಎಲ್ಲಿಂದ ತರೂಣ್ರಿ? ಆಕಿ ಕೊಟ್ಟ ಮನಿಗೆ ಹೋಗಾಕಿ.” ನಿಪ್ಪಾಣಿಯಲ್ಲಿ ದಿನವಿಡೀ ಬೀಡಿ ಕಟ್ಟಿ ಮಗನ ಫೀ ತುಂಬುವ ತಾಯಿಯನ್ನು ಜರೆಯುವ ಬಾಯಿ ನನಗಿಲ್ಲ. ಕೈಗೆ ಅಂಟಿದ ತಂಬಾಕಿನ ವಾಸನೆ ಮಕ್ಕಳ ಕಾಲಕ್ಕಾದರೂ ತಪ್ಪಲಿ ಎಂಬ ಅವಳ ಆಸೆ ನ್ಯಾಯವಾದದ್ದು. ಆ ಆಸೆಯಲ್ಲಿ ಮಗಳಿಗೆ ಪಾಲಿಲ್ಲವೇಕೆ ಎಂಬುದಷ್ಟೇ ನನ್ನ ತಕರಾರು.

ಭಾಷೆಯ ಮಾತು ಇದರೊಳಗೇ ಹೆಣೆದುಕೊಂಡಿದೆ. 1950ರಲ್ಲಿ ಧಾರವಾಡದಿಂದ, 1963ರಲ್ಲಿ ಸಾಂಗಲಿಯಿಂದ ಆಕಾಶವಾಣಿ ಶುರುವಾದಂದಿನಿಂದ ಈ ಗಡಿಯ ಮನೆಗಳ ಕೂಸುಗಳು ಒಂದೇ ರೇಡಿಯೋದಲ್ಲಿ ಕನ್ನಡ ಮರಾಠಿ ಎರಡನ್ನೂ ಕೇಳಿಕೊಂಡು ಬೆಳೆದವು. ಈಗ ಅಳುವ ಕೂಸಿನ ಕೈಗೆ ಮೊಬೈಲು ಬರುತ್ತದೆ. ಅದರಿಂದ ಇಂಗ್ಲಿಷ್ ಶಿಶುಗೀತ. ನಾಲ್ಕನೆಯ ಇಯತ್ತೆಯವರೆಗೆ ಮಾತೃಭಾಷೆಯೇ ಮಾಧ್ಯಮವಾಗಬೇಕೆಂಬ 1994ರ ಸರಕಾರಿ ಆದೇಶ 2014ರ ಮೇ 6ರಂದು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಮಾಧ್ಯಮದ ಆಯ್ಕೆ ತಾಯಿತಂದೆಯರದೆಂದಾಯಿತು. 2019ರಲ್ಲಿ ಸರಕಾರವೇ ತನ್ನ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗಗಳನ್ನು ತೆರೆಯತೊಡಗಿತು. ವಿಚಿತ್ರವೆಂದರೆ, ಶತಮಾನಗಳ ಕಾಲ ಲ್ಯಾಟಿನ್ನನ್ನೇ ಅಪ್ಪಿಕೊಂಡಿದ್ದ ಕ್ಯಾಥೊಲಿಕ್ ಧರ್ಮಸಭೆ 1963ರಲ್ಲಿ ಪೂಜಾವಿಧಿಗೆ ಜನರ ಭಾಷೆಯನ್ನು ಬಿಟ್ಟುಕೊಟ್ಟಿತು. ಅದರ ದೇವರು ಕನ್ನಡ ಕಲಿತ. ಅದರ ಹೆಸರು ಹೊತ್ತ ನಮ್ಮ ಶಾಲೆಗಳು ಕನ್ನಡ ಮರೆತವು.

ಕನ್ನಡ ಸಾಲಿಯಲ್ಲಿ ಕಲಿಸುವವಳನ್ನು ನಮ್ಮ ಕಡೆ ‘ಅಕ್ಕೋರು’ ಎನ್ನುತ್ತಾರೆ. ಸಿಸ್ಟರ್ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅನುವಾದವನ್ನು ಯಾವ ನಿಘಂಟೂ ಕೊಡಲಾರದು. ಕಾನ್ವೆಂಟಿನಲ್ಲಿ ಆಕೆ ಬರಿಯ ‘ಮಿಸ್’. ಅಕ್ಕೋರ ಕೈಯಲ್ಲಿ ಕಲಿತು ಬಂದ ನನ್ನ ಬಿ.ಎ. ವಿದ್ಯಾರ್ಥಿನಿಯೊಬ್ಬಳು ತರಗತಿಯಲ್ಲಿ ತಡೆಯಿಲ್ಲದೆ ಇಂಗ್ಲಿಷ್ ಓದಿದಾಗ, ಎಲ್ಲಿ ಕಲಿತೆ ತಂಗಿ ಎಂದು ಕೇಳಿದೆ. ಅವಳೆಂದಳು: “ತಮ್ಮ ಕಾನ್ವೆಂಟಿಗೆ ಹೋಗ್ತಿದ್ನಲ್ರಿ ಸರ, ಅವನ ಹೋಮ್‌ವರ್ಕ್ ನಾನ ಬರೀತಿದ್ದೆ.”