ಹರಿಯುವ ಬರಹವನ್ನು ತಿದ್ದುವ ಬಗೆ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯು ಉದಯವಾಯಿತು. ಅದುವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಜಗಳೂರು ತಾಲ್ಲೂಕೂ ಹೊಸ ಜಿಲ್ಲೆಯ ಭಾಗಗಳಾದವು. ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ ಗ್ರಾಮವು ಇದ್ದ ಸ್ಥಳದಲ್ಲಿಯೇ ಇತ್ತು. ಅದರ ನೆಲವಾಗಲಿ ಜಲವಾಗಲಿ ಕದಲಲಿಲ್ಲ. ವಿಳಾಸ ಮಾತ್ರ ಬದಲಾಯಿತು.

ಸಾವಿರಾರು ಊರುಗಳ ಹೆಸರುಗಳಿರುವ ಒಂದು ಪಟ್ಟಿಯಲ್ಲಿ ಇಂತಹ ಬದಲಾವಣೆಯನ್ನು ಮಾಡಬೇಕಾಗಿದೆಯೆಂದು ಭಾವಿಸೋಣ. ಕೈಯಿಂದ ತಿದ್ದತೊಡಗಿದರೆ ದಿನಗಳು ಉರುಳುತ್ತವೆ. ದಣಿದ ಕಣ್ಣು ಒಂದೆರಡು ಸಾಲುಗಳನ್ನು ದಾಟಿ ಹೋಗುವುದೂ ಸಹಜ. ಗಣಕಯಂತ್ರವಾದರೋ ದಣಿಯುವುದಿಲ್ಲ. ಇಂತಹ ಕೆಲಸಕ್ಕಾಗಿಯೇ ಅದರಲ್ಲಿ ‘ಸೆಡ್’ ಎಂಬ ಸಾಧನವೊಂದುಂಟು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1973-74ರ ಸುಮಾರಿಗೆ ಲೀ ಮೆಕ್‌ಮಹೋನ್ ಎಂಬವರು ಇದನ್ನು ರಚಿಸಿದರು. ಅದಕ್ಕೆ ಮೊದಲು ಅಲ್ಲಿ ಕೆನ್ ಥಾಂಪ್ಸನ್ ರಚಿಸಿದ್ದ ‘ಎಡ್’ ಎಂಬ ಸಾಧನವು ಬಳಕೆಯಲ್ಲಿತ್ತು. ಅದರ ಮುಂದೆ ಕುಳಿತು ಒಂದೊಂದಾಗಿ ಆಜ್ಞೆ ಕೊಡುತ್ತ ಬರಹವನ್ನು ತಿದ್ದಬೇಕಾಗಿತ್ತು. ಬಹು ದೊಡ್ಡ ಕಡತಗಳಿಗೆ ಆ ಕ್ರಮ ಒಗ್ಗುತ್ತಿರಲಿಲ್ಲ. ‘ಸೆಡ್’ ಎಂಬುದು ‘ಸ್ಟ್ರೀಮ್ ಎಡಿಟರ್’ ಎಂಬುದರ ಸಂಕ್ಷಿಪ್ತ ರೂಪ. ಹರಿಯುವ ಬರಹದ ಸಂಪಾದಕ ಎಂದು ಇದರ ಅರ್ಥ.

ಹೆಸರಿಗೆ ತಕ್ಕಂತೆಯೇ ಇದರ ಕೆಲಸ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದ ನೀರೆಲ್ಲ ಒಮ್ಮೆಗೇ ಹೊರಗೆ ಬರುವುದಿಲ್ಲ; ತೂಬಿನ ಮೂಲಕ ಹಿತಮಿತವಾಗಿ ಹರಿದು ನಾಲೆಯನ್ನು ಸೇರುತ್ತದೆ. ಹಾಗೆಯೇ ಸೆಡ್ ಕಡತದಿಂದ ಒಂದು ಸಾಲನ್ನು ಮಾತ್ರ ತೆಗೆದುಕೊಳ್ಳುತ್ತದೆ. ಕೊಟ್ಟ ನಿಯಮದಂತೆ ಅದನ್ನು ತಿದ್ದಿ ಹೊರಗೆ ಬಿಡುತ್ತದೆ. ಬಳಿಕ ಮುಂದಿನ ಸಾಲಿಗೆ ಕೈಹಾಕುತ್ತದೆ. ಆದುದರಿಂದ ಕಡತವು ಎಷ್ಟೇ ದೊಡ್ಡದಾದರೂ ಅದಕ್ಕೆ ಹೊರೆಯಲ್ಲ. ಬೇರೆಯಾಗಿ ಆಜ್ಞಾಪಿಸಿದ ಹೊರತು ಮೂಲ ಕಡತವು ಮೊದಲಿನಂತೆಯೇ ಉಳಿಯುತ್ತದೆ.

ನಿಯಮವನ್ನು ಬರೆಯುವ ಕ್ರಮವೂ ಸರಳ. ಮೊದಲು ಇಂಗ್ಲಿಷಿನ ‘ಎಸ್’ ಅಕ್ಷರ. ಬದಲಿಸು ಎಂಬುದು ಅದರ ಸೂಚನೆ. ಬಳಿಕ ಓರೆಗೆರೆಗಳ ನಡುವೆ ಹಳೆಯ ಮಾತು ಮತ್ತು ಹೊಸ ಮಾತು. ಹೀಗೆ ‘ಎಸ್/ಶಿವಮೊಗ್ಗ ಜಿಲ್ಲೆ/ದಾವಣಗೆರೆ ಜಿಲ್ಲೆ/’ ಎಂದರೆ ಪ್ರತಿ ಸಾಲಿನಲ್ಲಿ ಮೊದಲು ದೊರೆಯುವ ‘ಶಿವಮೊಗ್ಗ ಜಿಲ್ಲೆ’ಯು ‘ದಾವಣಗೆರೆ ಜಿಲ್ಲೆ’ಯಾಗುತ್ತದೆ. ಒಂದೇ ಸಾಲಿನಲ್ಲಿ ಅದು ಹಲವು ಬಾರಿ ಬಂದಿದ್ದು, ಎಲ್ಲವನ್ನೂ ಬದಲಿಸಬೇಕಾದರೆ ಕೊನೆಯಲ್ಲಿ ‘ಜಿ’ ಅಕ್ಷರವನ್ನು ಸೇರಿಸಬೇಕು.

ಆದರೆ ಈ ನಿಯಮವನ್ನು ಹೀಗೆಯೇ ನಡೆಸಿದರೆ ತೀರ್ಥಹಳ್ಳಿಯೂ ಸಾಗರವೂ ದಾವಣಗೆರೆ ಜಿಲ್ಲೆಗೆ ಸೇರಿಬಿಡುತ್ತವೆ! ಆದುದರಿಂದ ‘ಚನ್ನಗಿರಿ’ ಎಂಬ ಹೆಸರುಳ್ಳ ಸಾಲುಗಳನ್ನು ಮಾತ್ರ ತಿದ್ದಬೇಕೆಂದು ನಿಯಮದ ಮುಂದೆ ಕಟ್ಟುಪಾಡನ್ನು ವಿಧಿಸಬೇಕು. ಆಗ ಕೆರೆಬಿಳಚಿಯ ಸಾಲು ಬದಲಾಗುತ್ತದೆ, ತೀರ್ಥಹಳ್ಳಿಯದು ಉಳಿಯುತ್ತದೆ. ಇಷ್ಟರಿಂದಲೂ ಅಪಾಯ ತಪ್ಪಿತೆನ್ನುವಂತಿಲ್ಲ. ‘1990ರಲ್ಲಿ ಚನ್ನಗಿರಿಯು ಶಿವಮೊಗ್ಗ ಜಿಲ್ಲೆಯಲ್ಲಿತ್ತು’ ಎಂಬ ವಾಕ್ಯವು ಇಂದಿಗೂ ಸತ್ಯ. ಸೆಡ್ ಅದನ್ನೂ ತಿದ್ದಿ ಚರಿತ್ರೆಯನ್ನೇ ಸುಳ್ಳಾಗಿಸುತ್ತದೆ. ಅದು ಅಕ್ಷರಗಳನ್ನು ಬಲ್ಲುದೇ ಹೊರತು ಅರ್ಥವನ್ನಲ್ಲ.

ಕನ್ನಡದ ಬರಹವನ್ನು ತಿದ್ದುವಾಗ ವ್ಯಾಕರಣದ ಅರಿವೂ ಅಗತ್ಯ. ‘ಕೆರೆ’ ಎಂಬುದನ್ನು ‘ಕೊಳ’ ಎಂದು ಬದಲಿಸುವಂತೆ ಆಜ್ಞಾಪಿಸಿದರೆ ‘ಕೆರೆಯ ನೀರು’ ಎಂಬುದು ‘ಕೊಳದ ನೀರು’ ಆಗದೆ ‘ಕೊಳಯ ನೀರು’ ಆಗುತ್ತದೆ. ಪದವು ಬದಲಾದಾಗ ವಿಭಕ್ತಿರೂಪವೂ ಬದಲಾಗಬೇಕೆಂಬುದು ಯಂತ್ರಕ್ಕೆ ತಿಳಿಯದು. ಕೆರೆಬಿಳಚಿಯಂತೂ ‘ಕೊಳಬಿಳಚಿ’ಯಾಗಿ ಊರಿನ ಹೆಸರೇ ಕೆಡುತ್ತದೆ. ಇನ್ನು ‘ಕಾಲ’ ಎಂದು ಹುಡುಕಿದರೆ ‘ಮಳೆಗಾಲ’ವು ಸಿಕ್ಕುವುದಿಲ್ಲ; ಅಲ್ಲಿ ಆದೇಶಸಂಧಿಯಿಂದ ಕಕಾರವು ಗಕಾರವಾಗಿದೆ. ಬೇಡದ್ದನ್ನು ಹಿಡಿಯುವುದು, ಬೇಕಾದುದನ್ನು ಬಿಡುವುದು ಎಂಬ ಎರಡು ದೋಷಗಳೂ ಹೀಗೆ ಉಂಟಾಗುತ್ತವೆ.

ಆದುದರಿಂದ ಬಲ್ಲವರು ಮೊದಲು ಕೆಲವೇ ಸಾಲುಗಳ ಮೇಲೆ ನಿಯಮವನ್ನು ಪರೀಕ್ಷಿಸುತ್ತಾರೆ. ತಿದ್ದಿದ ಪ್ರತಿಯನ್ನು ಮೂಲದೊಡನೆ ಹೋಲಿಸಿ ನೋಡುತ್ತಾರೆ. ಎಲ್ಲವೂ ಸರಿಯೆಂದು ಖಚಿತವಾಗುವವರೆಗೆ ಮೂಲ ಪ್ರತಿಯನ್ನು ಜೋಪಾನವಾಗಿ ಇಟ್ಟಿರುತ್ತಾರೆ. ಕೈಯಿಂದ ತಿದ್ದುವಾಗ ಆಗುವ ತಪ್ಪು ಒಂದು ಸಾಲಿನದು; ಯಂತ್ರಕ್ಕೆ ಕೊಟ್ಟ ತಪ್ಪು ನಿಯಮವು ಕ್ಷಣಮಾತ್ರದಲ್ಲಿ ಸಾವಿರ ಸಾಲುಗಳನ್ನು ಕೆಡಿಸಬಲ್ಲುದು. ಬೇಸರವಿಲ್ಲದೆ ದುಡಿಯುವುದು ಯಂತ್ರದ ಗುಣ. ಯಾವುದನ್ನು ತಿದ್ದಬೇಕು, ಯಾವುದನ್ನು ಇದ್ದಂತೆಯೇ ಉಳಿಸಬೇಕು ಎಂಬ ವಿವೇಚನೆ ಮಾತ್ರ ಎಂದಿಗೂ ಮನುಷ್ಯನ ಹೊಣೆ.