ಲೋಹದ ಗಾಜಿಗೂ ಒಂದು ಹದ

ಮೂಡಲಗಿ ಸೀಮೆಯ ಬೆಲ್ಲದ ಗಾಣಗಳಲ್ಲಿ ಪಾಕ ನೋಡುವ ಬಗೆ ಹಳೆಯದು. ಕುದಿಯುವ ಕೊಪ್ಪರಿಗೆಯಿಂದ ಒಂದು ಹನಿ ತೆಗೆದು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಹೊರಳಿಸಿ ನೋಡುತ್ತಾರೆ. ಒಂದೇ ಪಾಕ, ಆರುವ ರೀತಿಗೆ ತಕ್ಕಂತೆ ಬೇರೆಯಾಗುತ್ತದೆ. ಸಕ್ಕರೆ ಪಾಕ ದಿನಗಟ್ಟಲೆ ನಿಧಾನವಾಗಿ ಕೂತರೆ ಹರಳುಗಟ್ಟಿ ಕಲ್ಲುಸಕ್ಕರೆ. ಗಟ್ಟಿ ಪಾಕವನ್ನು ತಟ್ಟನೆ ಆರಿಸಿದರೆ ಹರಳಿಲ್ಲದ, ಟಕ್ಕೆಂದು ಒಡೆಯುವ ಮಿಠಾಯಿ. ಅದು ನಿಜಕ್ಕೂ ಒಂದು ಗಾಜು.

ಲೋಹವನ್ನೂ ಹೀಗೆ ಗಾಜಾಗಿಸಬಹುದು ಎಂದು 1960ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ಪಾಲ್ ಡುವೆ ಮತ್ತು ಸಂಗಡಿಗರು ತೋರಿಸಿದರು. ಚಿನ್ನ ಮತ್ತು ಸಿಲಿಕಾನ್ ಬೆರೆತ ಕರಗನ್ನು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಡಿಗ್ರಿ ವೇಗದಲ್ಲಿ ತಣಿಸಿದಾಗ, ಸಾಲಾಗಿ ನಿಲ್ಲಲು ಪುರುಸೊತ್ತು ಸಿಗದ ಪರಮಾಣುಗಳು ಇದ್ದಲ್ಲೇ ಹೆಪ್ಪುಗಟ್ಟಿದವು. ನೋಡಲು ಹೊಳೆಯುವ ಲೋಹ, ಒಳಗೆ ಗಾಜಿನ ಗೊಂದಲ.

ಇದರ ಉಪಯೋಗ ರೈತರಿಗೆ ಹತ್ತಿರದ್ದು. ರಾತ್ರಿ ಪಂಪ್‌ಸೆಟ್ ಬಂದ್ ಆದ ಮೇಲೂ ಹೊಲದ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಗುಂಯ್ ಎನ್ನುತ್ತಲೇ ಇರುತ್ತದಲ್ಲ? ಅದರ ಉಕ್ಕಿನ ತಗಡುಗಳಲ್ಲಿ ಕಾಂತತೆ ಸೆಕೆಂಡಿಗೆ 50 ಸುತ್ತು ಹೊರಳುತ್ತದೆ. ಪ್ರತಿ ಸುತ್ತಿಗೂ ಒಂದಿಷ್ಟು ಕರೆಂಟು ಬಿಸಿಯಾಗಿ ಪೋಲಾಗುತ್ತದೆ. ಕಬ್ಬಿಣ, ಸಿಲಿಕಾನ್, ಬೋರಾನ್ ಬೆರೆಸಿದ ಲೋಹದ ಗಾಜಿನ ಪಟ್ಟಿಯನ್ನು ಬಳಸಿದರೆ ಈ ಪೋಲು ಸುಮಾರು ಶೇ. 70ರಷ್ಟು ಇಳಿಯುತ್ತದೆ. 1887ರಷ್ಟು ಹಿಂದೆಯೇ ಜಲಪಾತದ ನೀರಿನ ಬಲವನ್ನು ಗಿರಣಿಗೆ ದುಡಿಸಿಕೊಂಡ ಗೋಕಾಕಕ್ಕೂ, 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡ ಹುಕ್ಕೇರಿಗೂ ಉಳಿದ ಕರೆಂಟಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಈ ಗಾಜಿಗೆ ಮುಪ್ಪು ಬರುತ್ತದೆ. ಕೂದಲಿಗಿಂತ ತೆಳುವಾದ ಆ ಪಟ್ಟಿಯನ್ನು ಟಿಸಿಗೆ ಸುತ್ತಿದ ಮೇಲೆ, ಒಳಗಿನ ಬಿಗಿತ ಸಡಿಲಿಸಿ ಕಾಂತಗುಣ ಸುಧಾರಿಸಲು ಕಾಯಿಸುತ್ತಾರೆ. ಕಾಯ್ದಾಗ ಪರಮಾಣುಗಳು ಮೆಲ್ಲಗೆ ಸರಿದು, ನಡುವಿನ ಸಂದುಗಳನ್ನು ಮುಚ್ಚಿ ಒತ್ತಾಗಿ ಕೂರುತ್ತವೆ. ಕಾಂತಗುಣ ಏರುತ್ತದೆ, ಆದರೆ ಮೊದಲು ಮಡಚಿದರೂ ಮುರಿಯದಿದ್ದ ಪಟ್ಟಿ ಈಗ ಹಪ್ಪಳದಂತೆ ಪುಡಿಯಾಗುತ್ತದೆ. ದಪ್ಪ ಲೋಹದ ಗಾಜಿನ ಪಾಡೂ ಇದೇ. ಮೆತ್ತಗಾಗುವ ಮಟ್ಟಕ್ಕಿಂತ ಕಡಿಮೆ ಶಾಖದಲ್ಲಿ ಕಾಯಿಸಿದರೂ ಅದು ಪೆಡಸಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಮುರಳಿ ಮತ್ತು ಉಪದ್ರಷ್ಟ ರಾಮಮೂರ್ತಿ 2005ರಲ್ಲಿ ವಿವರವಾಗಿ ತೋರಿಸಿದರು.

ಹೋದ ಹರೆಯ ಮರಳಿ ಬಂದೀತೇ? ಕೇಂಬ್ರಿಜ್‌ನ ಲಿಂಡ್ಸೆ ಗ್ರಿಯರ್ ಮತ್ತು ಅವರ ಜೊತೆಗಾರರು 2015ರಲ್ಲಿ ಕೊಟ್ಟ ಉತ್ತರ ಬೆರಗು ಹುಟ್ಟಿಸುವಂಥದ್ದು. ಲೋಹದ ಗಾಜನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದಿ, ಮತ್ತೆ ಕೋಣೆಯ ಶಾಖಕ್ಕೆ ತಂದು, ಪುನಃ ಅದ್ದುತ್ತ ಹೋದರು. ಪರಮಾಣುಗಳು ಜಾಗ ಬಿಟ್ಟು ಕದಲಲಾರದಂಥ ಆ ಚಳಿಯಲ್ಲಿ ಏನಾದೀತು ಎನಿಸುತ್ತದೆ. ಆದರೂ ಗಾಜು ಮತ್ತೆ ಮಣಿಯುವ ಗುಣ ಪಡೆಯಿತು.

ಕಾರಣ ತಿಳಿಯಲು ಬಂಡಿಯ ಗಾಲಿ ನೆನೆಯೋಣ. ಕಾಯ್ದ ಕಬ್ಬಿಣದ ಪಟ್ಟಿ ತೊಡಿಸಿ ನೀರು ಸುರಿದರೆ ಪಟ್ಟಿ ಕುಗ್ಗಿ ಕಟ್ಟಿಗೆಯನ್ನು ಬಿಗಿಹಿಡಿಯುತ್ತದೆ, ಏಕೆಂದರೆ ಎರಡೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಗಾಜಿನ ಒಳಗೂ ಎಲ್ಲ ಜಾಗ ಒಂದೇ ಥರ ಇಲ್ಲ. ಕೆಲವೆಡೆ ಒತ್ತು, ಕೆಲವೆಡೆ ಸಡಿಲು. ತಣಿದಾಗ ಒಂದು ಹೆಚ್ಚು ಕುಗ್ಗಿ ಪಕ್ಕದ್ದನ್ನು ಜಗ್ಗುತ್ತದೆ, ಬೆಚ್ಚಗಾದಾಗ ಹಿಂದಕ್ಕೆ ನೂಕುತ್ತದೆ. ಈ ಜಗ್ಗಾಟಕ್ಕೆ ಒತ್ತಾಗಿ ಕೂತ ಪರಮಾಣುಗಳು ಅಲ್ಲಲ್ಲಿ ಕದಲಿ, ಮುಚ್ಚಿದ ಸಂದುಗಳು ಮತ್ತೆ ತೆರೆಯುತ್ತವೆ. ಮುಳುಗಿಸಿ ಸುಮ್ಮನೆ ಇಟ್ಟರೆ ಇಷ್ಟು ಫಲವಿಲ್ಲ, ಏರಿಳಿತದಲ್ಲೇ ಗುಟ್ಟಿದೆ. ಹಾಗೆಂದು ಎಷ್ಟು ಸಲ ಅದ್ದಿದರೆ ಅಷ್ಟು ಲಾಭವೆಂದೂ ಇಲ್ಲ. ಮಿಶ್ರಲೋಹ ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಪಾಕದ ಹನಿಯನ್ನು ಬೆರಳಲ್ಲಿ ಹೊರಳಿಸುವ ಗಾಣದವರು ಇದಕ್ಕೆ ಬಹಳ ಹಿಂದೆಯೇ ಹೆಸರಿಟ್ಟಿದ್ದಾರೆ: ಹದ. ಒಂದು ಕುದಿ ಹೆಚ್ಚಾದರೂ ಬೆಲ್ಲ ಕೆಡುತ್ತದೆ. ಪ್ರಯೋಗಾಲಯದವರು ಶಾಖ, ಚಳಿ, ಸರದಿಗಳನ್ನು ಅಳೆದು ಹುಡುಕುತ್ತಿರುವುದೂ ಆ ಹದವನ್ನೇ.